ಕಥೆಯೊಳಗಿನ ಮರ, ಗುಡ್ಡದ ಮೇಲಿನ ಮರ

‘ಪರೀಕ್ಷೆ ಹತ್ತಿರ ಬಂತು, ನೀನಿನ್ನೂ ಅಜ್ಜಿಕಥೆ ಓದ್ತಾ ಕೂತಿದ್ದೀಯಲ್ಲೇ!’ ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಗೆಳತಿ ನಕ್ಕಳು. ಬಿ.ಎಸ್ಸಿ. ಓದುವವಳಿಗೆ ಮಾಯೆ, ಮಂತ್ರ, ಮಾತಾಡುವ ಮರಗಳ ಕಥೆ ಯಾಕೆ ಎಂಬುದು ಅವಳ ಪ್ರಶ್ನೆ. ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

ನಾನು ಓದುತ್ತಿದ್ದುದು ಹೂಮರವಾಗುವ ಹುಡುಗಿಯ ಕಥೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಈ ಕನ್ನಡ ಜನಪದ ಕಥೆಯನ್ನು ಆಧರಿಸಿ ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಚಿತ್ರ ಮಾಡಿದರು. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಆದರೆ ಒಂದು ಷರತ್ತು: ಹೂ ಕೀಳುವಾಗ ಉಗುರು ತಾಗಬಾರದು, ರೆಂಬೆ ಮುರಿಯಬಾರದು. ಅರಮನೆಯ ಹುಡುಗಿಯರು ಆಟದ ಹುಮ್ಮಸ್ಸಿನಲ್ಲಿ ರೆಂಬೆ ಮುರಿದು ಓಡಿಹೋಗುತ್ತಾರೆ. ಅವಳು ಕೈಕಾಲಿಲ್ಲದೆ, ಅತ್ತ ಮರವೂ ಆಗದೆ ಇತ್ತ ಮನುಷ್ಯಳೂ ಆಗದೆ ಉಳಿಯುತ್ತಾಳೆ. ಇದನ್ನು ಓದಿದ ಮೇಲೆ ದಾರಿಬದಿಯ ಗಿಡದ ಎಲೆಯನ್ನು ಸುಮ್ಮನೆ ಕಿತ್ತು ಎಸೆಯಲು ನನ್ನ ಕೈ ಬಂದಿಲ್ಲ.

ಇನ್ನೊಂದು ಪಾಠ ಮನೆಯಲ್ಲೇ ಆಯಿತು. ನಮ್ಮ ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುವುದು ವಾಡಿಕೆ. ಆ ಒಂದು ದಿನ ಮರದಲ್ಲಿ ಎಲ್ಲ ಔಷಧಿಗಳೂ ಸೇರಿರುತ್ತವೆ ಎಂಬುದು ನಂಬಿಕೆ. ಅಜ್ಜ ಹಿಂದಿನ ದಿನವೇ ಹೋಗಿ ಮರ ಗುರುತು ಮಾಡಿ ಬರುತ್ತಿದ್ದರು. ಅವರು ತೀರಿಕೊಂಡ ವರ್ಷ ಅಣ್ಣ ಮೊಬೈಲ್ ಟಾರ್ಚ್ ಹಿಡಿದು ಗುಡ್ಡಕ್ಕೆ ಹೊರಟ. ‘ಯಾವ ಮರ ಅಂತ ಗೊತ್ತುಂಟಾ?’ ಎಂದು ಅಜ್ಜಿ ಕೇಳಿದರು. ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದೇ ಗುಡ್ಡದಲ್ಲಿ ಕಾಸರಕದ ಮರವೂ ಇದೆ. ಅದರ ತೊಗಟೆ ವಿಷ, ಪ್ರಾಣವನ್ನೇ ತೆಗೆಯಬಲ್ಲದು. ಅಜ್ಜಿ ಅಣ್ಣನನ್ನು ಹೋಗಗೊಡಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಕಷಾಯ ಆಗಲಿಲ್ಲ.

ಬೆಳಗಾದ ಮೇಲೆ ಅಜ್ಜಿಯೇ ಕರೆದುಕೊಂಡು ಹೋಗಿ ತೋರಿಸಿದರು. ಹಾಲೆಯನ್ನು ಗೀರಿದರೆ ಬಿಳಿ ಹಾಲು ಒಸರುತ್ತದೆ, ಎಲೆಗಳು ಒಂದೇ ಗಂಟಿನಲ್ಲಿ ಸುತ್ತಲೂ ಛತ್ರಿಯಂತೆ ಹರಡಿರುತ್ತವೆ. ಸಪ್ತಪರ್ಣಿ ಎಂಬ ಹೆಸರು ಬಂದದ್ದೂ ಅದಕ್ಕೇ. ಕಾಸರಕಕ್ಕೆ ಹಾಲಿಲ್ಲ, ಅದರ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ. ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಎಲೆಜೋಡಣೆ ಅಂದು ಮೊದಲ ಬಾರಿಗೆ ಅರ್ಥವಾಯಿತು.

ನಂಬಿಕೆ ಮಾತ್ರ ಉಳಿದು ಗುರುತು ಮರೆತರೆ ಅಪಾಯ. ನಂಬಿಕೆಯನ್ನು ಮೂಢ ಎಂದು ಬಿಸಾಡಿದರೆ ಅದರ ಜೊತೆಗೆ ಮರದ ಪರಿಚಯವೂ ಹೋಗುತ್ತದೆ. ಎರಡನ್ನೂ ಬೆಸೆಯುವುದು ಒಳ್ಳೆಯ ಪುಸ್ತಕಗಳು. ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಓದಿ ನೋಡಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ ಅದು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಸಸ್ಯವಿಜ್ಞಾನಿ ಗಿಡಗಳ ಬಗ್ಗೆ ನಗುನಗುತ್ತಾ ಹೇಳುತ್ತಾ ಹೋಗುತ್ತಾರೆ. ಅಲ್ಲಿ ವಿಜ್ಞಾನಕ್ಕೂ ಕಥೆಗೂ ಜಗಳವೇ ಇಲ್ಲ.

ಹಾಗಾಗಿ ಗೆಳತಿ, ನಾನು ಅಜ್ಜಿಕಥೆ ಓದುವುದು ಮಾಯೆಯನ್ನು ನಂಬುವುದಕ್ಕಲ್ಲ, ಮರವನ್ನು ನೋಡುವುದಕ್ಕೆ. ನೀನೂ ಈ ರಜೆಯಲ್ಲಿ ಊರಿಗೆ ಹೋದಾಗ ಹಿರಿಯರನ್ನು ಒಂದು ಗಿಡದ ಕಥೆ ಕೇಳು. ಕಥೆ ಮುಗಿದ ಮೇಲೆ, ಆ ಗಿಡ ಎಲ್ಲಿದೆ ತೋರಿಸಿ ಎಂದು ಕೇಳುವುದನ್ನು ಮರೆಯಬೇಡ. ಅಜ್ಜ ಇದ್ದಾಗ ನಾನು ಕೇಳಲಿಲ್ಲ.