ಅಂಕಿಗಳ ನಕ್ಷೆಯೂ ಅರಿವಿನ ಹೊಣೆಯೂ

ಅಂಕಿಗಳ ರಾಶಿಯನ್ನು ಕಣ್ಣಿಗೆ ಕಾಣುವಂತೆ ಮಾಡುವ ನಕ್ಷಾರಚನೆಯು ಶಾಲೆಗಳಿಗೆ ಹೊಸದಲ್ಲ. ನಕ್ಷಾಹಾಳೆಯ ಮೇಲೆ ಪ್ರಮಾಣವನ್ನು ನಿಶ್ಚಯಿಸಿ, ಅಕ್ಷಗಳನ್ನೆಳೆದು, ಬಿಂದುಗಳನ್ನು ಗುರುತಿಸಿದ ನೆನಪು ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ಉಂಟು. ಇಂದು ಆ ಕಾರ್ಯವನ್ನು ಗಣಕಯಂತ್ರವು ಕ್ಷಣಾರ್ಧದಲ್ಲಿ ನೆರವೇರಿಸುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರು ರೂಪಿಸಿದ ‘ಆರ್’ ಭಾಷೆಯಲ್ಲಾಗಲಿ, ಪೈಥಾನ್ ಭಾಷೆಗಾಗಿ ಜಾನ್ ಹಂಟರ್ ಅವರು ಸಿದ್ಧಪಡಿಸಿದ ‘ಮ್ಯಾಟ್‌ಪ್ಲಾಟ್‌ಲಿಬ್’ನಲ್ಲಾಗಲಿ ಒಂದೇ ಸಾಲಿನ ಆಜ್ಞೆ ಸಾಕು. ಅನೇಕ ಸೂಚನೆಗಳನ್ನು ಒಟ್ಟುಗೂಡಿಸಿ ಒಂದು ಹೆಸರಿನಡಿಯಲ್ಲಿರಿಸಿದ ಸಹಾಯಕ ಫಂಕ್ಷನ್ ಆ ಆಜ್ಞೆಯ ಹಿಂದೆ ದುಡಿಯುತ್ತದೆ.

ಇದರಿಂದ ಮಕ್ಕಳು ಸೋಮಾರಿಗಳಾಗುವರೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪವು ಪೂರ್ಣವಾಗಿ ಒಪ್ಪತಕ್ಕದ್ದಲ್ಲ. ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕಂಬ್ ಅವರು 1973ರಲ್ಲಿ ತಲಾ 11 ಜೋಡಿಗಳುಳ್ಳ ನಾಲ್ಕು ಅಂಕಿಸಮೂಹಗಳನ್ನು ವಿದ್ವಾಂಸರ ಮುಂದಿಟ್ಟರು. ಅವುಗಳ ಸರಾಸರಿಯೂ ಸಹಸಂಬಂಧವೂ ಬಹುತೇಕ ಒಂದೇ. ನಕ್ಷೆಗಳು ಮಾತ್ರ ಒಂದನ್ನೊಂದು ಹೋಲುವುದಿಲ್ಲ. ನಕ್ಷೆ ಬರೆಯುವುದು ಸುಲಭವಾದಷ್ಟೂ ಅಂಕಿಗಳನ್ನು ಕಣ್ಣಾರೆ ಕಂಡು ನಂಬುವ ಅಭ್ಯಾಸ ಬೆಳೆಯುತ್ತದೆ.

ಅಪಾಯವಿರುವುದು ಬೇರೆಡೆ. ಒಂದು ತರಗತಿಯ 64 ವಿದ್ಯಾರ್ಥಿಗಳ ಅಂಕಗಳು 5ರಿಂದ 95ರವರೆಗೆ ಹರಡಿವೆಯೆಂದು ಭಾವಿಸೋಣ. ಹಿಸ್ಟೋಗ್ರಾಂ ಬರೆಯೆಂದರೆ ‘ಆರ್’ ಭಾಷೆಯು 1926ರ ಸ್ಟರ್ಜಸ್ ಸೂತ್ರದಂತೆ 7 ವರ್ಗಗಳನ್ನು ಮೊದಲು ಎಣಿಸಿ, ಬಳಿಕ ಪೂರ್ಣಾಂಕಗಳಿಗೆ ಹೊಂದಿಸಿ, 0–10, 10–20 ಎಂದು ವಿಂಗಡಿಸುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ 10 ಸಮಭಾಗಗಳನ್ನು ಮಾಡಿ 5–14, 14–23 ಎಂದು ಸಾಗುತ್ತದೆ. ತೇರ್ಗಡೆಯ ಅಂಕ 35 ಆಗಿದ್ದರೆ ಮೊದಲನೆಯದರಲ್ಲಿ 30–40ರ ನಡುವೆಯೂ, ಎರಡನೆಯದರಲ್ಲಿ 32–41ರ ನಡುವೆಯೂ ಅದು ಅಡಗಿಹೋಗುತ್ತದೆ. ತೇರ್ಗಡೆಯಾದವನೂ ಅನುತ್ತೀರ್ಣನೂ ಒಂದೇ ಸ್ತಂಭದಲ್ಲಿ ನಿಲ್ಲುತ್ತಾರೆ. ಯಂತ್ರವು ತಪ್ಪು ಮಾಡಿಲ್ಲ. ಆದರೆ ಶಿಕ್ಷಕರು ಮಾಡಬೇಕಾಗಿದ್ದ ನಿರ್ಣಯವನ್ನು ಅದು ಮಾಡಿದೆ.

ಇದಕ್ಕೆ ಪರಿಹಾರವು ಸಹಾಯಕ ಫಂಕ್ಷನ್ನನ್ನು ತ್ಯಜಿಸುವುದಲ್ಲ, ಅದನ್ನು ವಿದ್ಯಾರ್ಥಿಗಳಿಂದಲೇ ಬರೆಸುವುದು. ಅಂಕಗಳ ಮಿತಿ 0ರಿಂದ 100, ವರ್ಗಾಂತರ 5, ತೇರ್ಗಡೆಯ ಬಳಿ ಒಂದು ಲಂಬರೇಖೆ, ಅಕ್ಷಗಳಿಗೆ ಹೆಸರು: ಇಷ್ಟನ್ನು ಹತ್ತು ಸಾಲುಗಳೊಳಗೆ ಬರೆದಿಡಬಹುದು. ಬರೆಯುವಾಗಲೇ ಇನ್ನೊಂದು ಸೂಕ್ಷ್ಮವೂ ತಿಳಿಯುತ್ತದೆ. ‘ಆರ್’ ಭಾಷೆಯು ಬೇರೆ ಸೂಚನೆಯಿಲ್ಲದಿದ್ದರೆ ವರ್ಗದ ಮೇಲ್ಮಿತಿಯನ್ನು ಅದೇ ವರ್ಗಕ್ಕೆ ಸೇರಿಸುತ್ತದೆ. ಆದ್ದರಿಂದ ಸರಿಯಾಗಿ 35 ಅಂಕ ಪಡೆದು ತೇರ್ಗಡೆಯಾದ ಮಗುವು 30–35ರ ಸ್ತಂಭದಲ್ಲಿ, ಅನುತ್ತೀರ್ಣರ ಸಾಲಿನಲ್ಲಿ ಎಣಿಕೆಯಾಗುತ್ತದೆ. ಒಂದು ಸಣ್ಣ ಸೂಚನೆಯಿಂದ ಇದನ್ನು ಸರಿಪಡಿಸಬಹುದು. ಸರಿಪಡಿಸಬೇಕೆಂದು ತಿಳಿದವರಿರಬೇಕು, ಅಷ್ಟೆ. ಹೀಗೆ ಒಮ್ಮೆ ಪರೀಕ್ಷಿಸಿ ಸಿದ್ಧಗೊಳಿಸಿದ ಫಂಕ್ಷನ್ನನ್ನೇ ಎಲ್ಲ ತರಗತಿಗಳಿಗೂ ವರ್ಷವರ್ಷವೂ ಬಳಸಿದರೆ ನಕ್ಷೆಗಳನ್ನು ಪರಸ್ಪರ ಹೋಲಿಸಿ ನೋಡುವುದೂ ಸಾಧ್ಯವಾಗುತ್ತದೆ.

ಮೊದಲು ಕೈಯಿಂದ ಒಂದು ನಕ್ಷೆ, ಅನಂತರ ಸ್ವಂತ ಫಂಕ್ಷನ್, ಕೊನೆಗೆ ಸಿದ್ಧ ಆಜ್ಞೆ: ಬೋಧನೆಯ ಕ್ರಮವು ಇದಾಗಬೇಕು. ‘ಆರ್’, ಪೈಥಾನ್ ಎರಡೂ ಬೆಲೆಯಿಲ್ಲದೆ ದೊರೆಯುತ್ತವೆ. ದಾನಿಗಳು ಕೊಡಿಸಿದ ಗಣಕಯಂತ್ರಗಳು ಸಾರ್ಥಕವಾಗುವುದು ಶಿಕ್ಷಕರಿಗೆ ತರಬೇತಿಯೂ, ವೇಳಾಪಟ್ಟಿಯಲ್ಲಿ ಅವಕಾಶವೂ ದೊರೆತಾಗಲೇ. ನಕ್ಷೆಯಲ್ಲಿನ ಪ್ರತಿಯೊಂದು ಸ್ತಂಭದ ಹಿಂದೆಯೂ ಮಕ್ಕಳಿದ್ದಾರೆಂಬ ಎಚ್ಚರ ಯಂತ್ರಕ್ಕಿರುವುದಿಲ್ಲ; ಅದು ಗುರುವಿಗಿರಬೇಕು.