ಕಲ್ಲಿನ ಮೇಲೆ ಕನ್ನಡ, ಚೀಟಿಯ ಮೇಲೆ?

ಪರವೂರಿಗೆ ಹೋದಾಗ ಟಿಕೆಟ್ ಕೊಂಡು ಗಾಜಿನ ಪೆಟ್ಟಿಗೆಗಳ ಮುಂದೆ ಕ್ಯೂ ನಿಲ್ಲುತ್ತೀರಲ್ಲ, ನಮ್ಮ ಆತಕೂರಿನ ಕಲ್ಲಿನ ಬಗ್ಗೆ ಕೇಳಿದ್ದೀರಾ? ಮಂಡ್ಯ ಜಿಲ್ಲೆಯದು, ಕ್ರಿ.ಶ. 949-50ರದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಚೋಳರೊಡನೆ ಕಾದಿದ ಮಣಲೇರ, ಮೆಚ್ಚಿದ ಅರಸನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು! ಕಾಡುಹಂದಿಯ ಮೇಲೆ ಬಿದ್ದ ಕಾಳಿ ಅದನ್ನೂ ಕೊಂದು ತಾನೂ ಸತ್ತಿತು. ಆ ಕಾಳಗವೇ ಕಲ್ಲಿನ ಮೇಲಿದೆ, ಕಥೆಯೆಲ್ಲ ಹಳಗನ್ನಡದಲ್ಲಿದೆ. ನಾಯಿಗೂ ಕನ್ನಡದಲ್ಲಿ ಗೌರವ ಕೊಟ್ಟ ನಾಡಿದು.

ಮೊನ್ನೆ ಪ್ರವಾಸದಲ್ಲಿ ಇನ್ನೊಂದು ಪ್ರದರ್ಶನ ನೋಡಿದೆ. ಸೊಗಸಾದ ವೀರಗಲ್ಲು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಹೀರೋ ಸ್ಟೋನ್' ಎಂಬ ಚೀಟಿ. ಅಷ್ಟೇ! "ಏನ್ ಬರ್ದವ್ರೆ ಮಗಾ?" ಎಂದು ಅಜ್ಜಿಯೊಬ್ಬರು ಕೇಳಿದರು. ನನಗೆ ನಾಚಿಕೆಯಾಯಿತು, ಚೀಟಿ ಅಂಟಿಸಿದವರಿಗೆ ಆಗಲಿಲ್ಲ. ಇಂಥದ್ದು ಕಂಡರೆ ಸುಮ್ಮನೆ ಬರಬೇಡಿ. ಸಂದರ್ಶಕರ ಪುಸ್ತಕ ಕೇಳಿ ಪಡೆಯಿರಿ, ದೂರನ್ನು ಕನ್ನಡದಲ್ಲೇ ಬರೆಯಿರಿ.