ಹಳ್ಳಿಯ ಹಾಲೂ ದೇಶದ ಜಾಲವೂ

ಮುಳಬಾಗಿಲಿನ ಸಮೀಪದ ಕುರುಡುಮಲೆಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಅಲ್ಲಿಯ ಬೃಹದಾಕಾರದ ಗಣಪತಿಯೂ ಸೋಮೇಶ್ವರ ದೇವಾಲಯವೂ. ದರ್ಶನಕ್ಕೆ ಹೋದವರು ಗುಡಿಯನ್ನು ಕಂಡು ಹಿಂದಿರುಗುತ್ತಾರೆ. ಸುತ್ತಲಿನ ಸೀಮೆಯು ಹೇಗೆ ಬದುಕುತ್ತಲಿದೆಯೆಂದು ವಿಚಾರಿಸುವವರು ವಿರಳ. ಜೀವನದಿಯಿಲ್ಲದ ನಾಡಿದು. ಕೆರೆ ತುಂಬಿದರೆ ಬೆಳೆ; ಇಲ್ಲವಾದರೆ ಬೆಂಗಳೂರಿನ ದಾರಿ. ಮಳೆ ಕೈಕೊಟ್ಟ ವರ್ಷವೂ ಒಲೆ ಆರದಂತೆ ಕಾಪಾಡುವುದರಲ್ಲಿ ಕೊಟ್ಟಿಗೆಯ ಹಸುವಿನ ಪಾಲು ದೊಡ್ಡದು.

ಆದರೆ ಹಸುವೊಂದರಿಂದಲೇ ಈ ಕಾರ್ಯವು ಸಾಧ್ಯವೇ? ಬೆಳಗಿನಲ್ಲಿ ಕರೆದ ಹಾಲು ಬಿಸಿಲೇರುವುದರೊಳಗೆ ಕೆಡುವುದು. ಎರಡು ಸೇರು ಹಾಲಿನವನಿಗೆ ವರ್ತಕನೆದುರಿನಲ್ಲಿ ಚೌಕಾಶಿಯ ಬಲವೆಲ್ಲಿಯದು? ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಸಂಘ ಕಟ್ಟಿ ಈ ಪ್ರಶ್ನೆಗೆ ಉತ್ತರವಿತ್ತರು. 1965ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯು 1970ರಿಂದ ಆ ಮಾದರಿಯನ್ನು ದೇಶಾದ್ಯಂತ ಹಬ್ಬಿಸಿತು. ನಮ್ಮಲ್ಲಿ 1974ರಲ್ಲಿ ಹುಟ್ಟಿದ ನಿಗಮವೇ ಮುಂದೆ ಹಾಲು ಮಹಾಮಂಡಳಿಯಾಗಿ, ‘ನಂದಿನಿ’ಯೆಂದು ಮನೆಮಾತಾಯಿತು. ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳಿ: ಇದೇ ಅದರ ಕಟ್ಟಡ. ಹಾಲು ಪೇಟೆಗೆ ಹರಿದರೆ, ಹಣವೂ ಪಶುವೈದ್ಯವೂ ಮೇವಿನ ಬೀಜವೂ ಹಳ್ಳಿಗೆ ಮರಳುವುವು.

ಸಹಕಾರವು ನಮಗೆ ಪರರು ಕಲಿಸಿದ ಪಾಠವೆಂದು ಮಾತ್ರ ಯಾರೂ ಭಾವಿಸಬೇಕಾಗಿಲ್ಲ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಆ ಗದಗೂ ಮೈಸೂರು ಸಂಸ್ಥಾನದ ಈ ಕುರುಡುಮಲೆಯೂ 1956ರಲ್ಲಿ ಒಂದೇ ರಾಜ್ಯಕ್ಕೆ ಸೇರಿದುವು. ಏಕೀಕರಣದ ಫಲವು ಭೂಪಟದಲ್ಲಿ ಮಾತ್ರವಲ್ಲ, ಇಂತಹ ಸಂಸ್ಥೆಗಳಲ್ಲಿಯೂ ಕಾಣಬೇಕು.

ಎಲ್ಲ ಜಾಲಗಳೂ ಹಳ್ಳಿಗೆ ಹಿತವೆಂದು ನಾವು ಹೇಳುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇದೇ ಜಿಲ್ಲೆಯ ಚಿನ್ನದ ಗಣಿಗೆ ಬಂದಿತು. ಹೊಲ ಹಳ್ಳಿಗಳ ನೆತ್ತಿಯ ಮೇಲೆ ತಂತಿ ಹಾದುಹೋಯಿತು. ಕೆಳಗಿನ ಮನೆಗಳಲ್ಲಿ ಹಣತೆಯೇ ಉರಿಯುತ್ತಲಿತ್ತು. ಚಿನ್ನವು ಹೊರಗೆ ಹೋಯಿತು; 2001ರಲ್ಲಿ ಗಣಿಯೂ ಮುಚ್ಚಿತು. ಹಳ್ಳಿಯ ಮೇಲೆ ಹಾಯುವ ಜಾಲ ಒಂದು, ಹಳ್ಳಿಯಿಂದಲೇ ಹೊರಡುವ ಜಾಲ ಮತ್ತೊಂದು. ಇವೆರಡರ ಅಂತರವನ್ನು ನಮ್ಮ ವಾಚಕರು ಮನಗಾಣಬೇಕು.

2023ರ ಏಪ್ರಿಲಿನಲ್ಲಿ ಅಮುಲ್ ಸಂಸ್ಥೆಯು ಬೆಂಗಳೂರಿನಲ್ಲಿ ಹಾಲು ಮಾರುವುದಾಗಿ ಸಾರಿದಾಗ ನಾಡಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಕನ್ನಡಿಗರ ಆತಂಕವು ಅಕಾರಣವಾಗಿರಲಿಲ್ಲ. ಆದರೆ 2024ರಲ್ಲಿ ನಂದಿನಿಯೂ ದಿಲ್ಲಿಯ ಪೇಟೆಗೆ ಕಾಲಿಟ್ಟಿದೆ. ನಾವು ಹೊರಗೆ ಹೋಗಬಹುದು, ಪರರು ಒಳಗೆ ಬರಬಾರದೆಂಬ ವಾದವು ಬಹುಕಾಲ ನಿಲ್ಲದು. ದೇಶದ ಜಾಲದಲ್ಲಿ ನಮ್ಮ ಸ್ಥಾನವನ್ನು ಉಳಿಸುವುದು ಘೋಷಣೆಯಲ್ಲ, ಹಳ್ಳಿಯ ಸಂಘದ ಸತ್ತ್ವ. ಮಹಾಸಭೆಗೆ ಸದಸ್ಯರು ಬಾರದೆ, ಲೆಕ್ಕವನ್ನು ಯಾರೂ ಓದದೆ, ಆಡಳಿತವು ನಾಲ್ಕು ಮನೆಗಳ ಸೊತ್ತಾದರೆ, ಆ ಸಂಘವನ್ನು ಕೆಡಿಸಲು ಹೊರಗಿನವರು ಬರಬೇಕಾಗಿಲ್ಲ.

ಆದುದರಿಂದ ಉಪಾಧ್ಯಾಯರಲ್ಲಿಯೂ ಪಟ್ಟಣದ ವಿದ್ಯಾವಂತರಲ್ಲಿಯೂ ನಮ್ಮ ಬಿನ್ನಹವಿಷ್ಟು: ನಿಮ್ಮೂರಿನ ಸಂಘದ ನಿಯಮಾವಳಿಯನ್ನೂ ವರ್ಷದ ಲೆಕ್ಕವನ್ನೂ ಓದಿ ಜನರಿಗೆ ತಿಳಿಸಿರಿ. ಹಸುವನ್ನು ಸಾಕುವ ಹೆಣ್ಣುಮಗಳ ಹೆಸರೇ ಸದಸ್ಯರ ಪಟ್ಟಿಯಲ್ಲಿರುವಂತೆ ನೋಡಿಕೊಳ್ಳಿರಿ. ಮುಳಬಾಗಿಲಿನಂತಹ ಗಡಿನಾಡಿನಲ್ಲಿ ಮನೆಯೊಳಗೆ ತೆಲುಗಾಡುವವರು ಅನೇಕರು. ಅವರಿಗೂ ಕನ್ನಡದ ಲೆಕ್ಕಪುಸ್ತಕವು ತಮ್ಮದೆಂಬ ನಂಬಿಕೆ ಮೂಡಬೇಕು. ನ್ಯಾಯವಾದ ತೂಕವೂ ತಪ್ಪದ ಬಟವಾಡೆಯೂ ಮಾಡುವ ಕನ್ನಡದ ಸೇವೆಯನ್ನು ನೂರು ಭಾಷಣಗಳು ಮಾಡಲಾರವು.